ಯೋಜನೆಯ ಮೆಟ್ಟಿಲುಗಳು

(ಅಂತಿಮ ಬಿ. ಎ. ವಿದ್ಯಾರ್ಥಿಯೊಬ್ಬನ ಅಭ್ಯಾಸ ಲೇಖನ)

ನಮ್ಮೂರ ಕೆರೆಯ ಏರಿಯ ಮೇಲೆ ಒಂದು ಕಲ್ಲು ನೆಟ್ಟಿದೆ. ಹೊರದೇಶದ ಸಾಲದ ನೆರವಿನಿಂದ ಈ ಕೆರೆಯ ಜೀರ್ಣೋದ್ಧಾರವಾಯಿತೆಂದು ಅದರ ಮೇಲೆ ಕೆತ್ತಿದ್ದಾರೆ. ಅದನ್ನು ನೆಟ್ಟಾಗ ನಾನು ನಾಲ್ಕನೆಯ ತರಗತಿಯ ಹುಡುಗ. ಊರ ಹಿರಿಯರು ನನ್ನನ್ನು ಮುಂದೆ ನಿಲ್ಲಿಸಿ ಅದನ್ನು ಓದಿಸಿದರು. ನಾನು ಗಟ್ಟಿಯಾಗಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂದಿಗೂ ಆ ಏರಿ ಭದ್ರವಾಗಿದೆ. ತೂಬಿನ ಕಬ್ಬಿಣದ ಬಾಗಿಲು ಸರಾಗವಾಗಿ ಏಳುತ್ತದೆ, ಇಳಿಯುತ್ತದೆ. ಆದರೆ ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿಯೂ ಆ ಕೆರೆ ಅರ್ಧ ತುಂಬಿದ್ದನ್ನು ನಾನು ಕಂಡಿಲ್ಲ.

ಅರ್ಥಶಾಸ್ತ್ರದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಅಂತರರಾಷ್ಟ್ರೀಯ ಅಭಿವೃದ್ಧಿ ಯೋಜನೆಗಳ ವಿಷಯವಾಗಿ ಪಾಠ ಹೇಳುತ್ತಿದ್ದಾಗ ನನ್ನ ಮನಸ್ಸೆಲ್ಲ ಈ ಕಲ್ಲಿನ ಮೇಲೆಯೇ ಇತ್ತು. ಹಣ ಬಂದಿತು, ಕೆಲಸವೂ ನಡೆಯಿತು, ಯಾರೂ ಕದ್ದರೆಂಬ ಮಾತೂ ಇಲ್ಲ. ಹಾಗಿದ್ದರೂ ಫಲವೇಕೆ ದೊರೆಯಲಿಲ್ಲ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಒಂದು ವರ್ಷ ಗ್ರಂಥಾಲಯದಲ್ಲಿ ಓದಿದುದನ್ನೂ, ಊರಿನಲ್ಲಿ ಕೇಳಿದುದನ್ನೂ ಸಹಪಾಠಿಗಳ ಮುಂದಿಡುತ್ತೇನೆ. ಈ ವಿಷಯದಲ್ಲಿ ನಾನು ಪಂಡಿತನಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮೊದಲು ಯೋಜನೆಯೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳೋಣ. ಸರ್ಕಾರದ ದಿನನಿತ್ಯದ ಕೆಲಸ ಯೋಜನೆಯಲ್ಲ. ಇಂತಿಷ್ಟು ಹಣದಿಂದ, ಇಂತಿಷ್ಟು ಕಾಲದೊಳಗೆ, ಇಂಥ ಜನರಿಗಾಗಿ, ಇಂಥ ಬದಲಾವಣೆಯನ್ನು ತರುತ್ತೇವೆಂದು ಗಡಿ ಹಾಕಿಕೊಂಡು ಮಾಡುವ ಕೆಲಸ ಯೋಜನೆ. ಅದಕ್ಕೆ ಬೇಕಾದ ಹಣವೋ ತಜ್ಞರೋ ಬೇರೆ ದೇಶದಿಂದ ಬಂದಾಗ ಅದು ಅಂತರರಾಷ್ಟ್ರೀಯವಾಗುತ್ತದೆ. ನಮ್ಮ ದೇಶಕ್ಕೆ ಇದು ಹೊಸದಲ್ಲ. ವಿಶ್ವಬ್ಯಾಂಕಿನಿಂದ ಭಾರತವು ಮೊದಲ ಸಾಲವನ್ನು ಪಡೆದದ್ದು ೧೯೪೯ರಲ್ಲಿ, ರೈಲ್ವೆಯ ಸಲುವಾಗಿ. ಇಂಥ ಯೋಜನೆಯೊಂದು ಹುಟ್ಟಿ, ಬೆಳೆದು, ಮುಗಿಯುವ ಕ್ರಮವನ್ನು ಆ ಬ್ಯಾಂಕಿನ ವಾರನ್ ಬಾಮ್ ಎಂಬವರು ೧೯೭೦ರಲ್ಲಿ ಒಂದು ಚಕ್ರವಾಗಿ ವಿವರಿಸಿದರು. ಅವರ ಕ್ರಮವನ್ನೇ ಅನುಸರಿಸಿ, ನಮ್ಮ ಅನುಕೂಲಕ್ಕಾಗಿ ಅದನ್ನು ಏಳು ಮೆಟ್ಟಿಲುಗಳನ್ನಾಗಿ ಮಾಡಿಕೊಂಡಿದ್ದೇನೆ.

೧. ಅಗತ್ಯವನ್ನು ಗುರುತಿಸುವುದು

ಮೊದಲನೆಯ ಮೆಟ್ಟಿಲಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಗತ್ಯ ಯಾರದು? ಇದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ ಟಾಂಗನಿಕದ ಕಡಲೆಕಾಯಿ ಯೋಜನೆ. ಟಾಂಗನಿಕವೆಂದರೆ ಇಂದಿನ ಟಾಂಜಾನಿಯದ ದೊಡ್ಡ ಭಾಗ. ಆಗ ಅದು ಬ್ರಿಟಿಷರ ಆಡಳಿತದಲ್ಲಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಅಡಿಗೆಯ ಎಣ್ಣೆ ಕೊಬ್ಬುಗಳಿಗೆ ಬಹಳ ಅಭಾವವಾಯಿತು. ಆಫ್ರಿಕದ ಬಯಲಿನಲ್ಲಿ ಕಡಲೆಕಾಯಿ ಬೆಳೆದು ಅಭಾವವನ್ನು ನೀಗಬಹುದೆಂದು ೧೯೪೬ರಲ್ಲಿ ಯೋಜನೆ ಸಿದ್ಧವಾಯಿತು. ಸುಮಾರು ೩೨ ಲಕ್ಷ ಎಕರೆ ಭೂಮಿ, ಆರು ವರ್ಷ, ಎರಡೂವರೆ ಕೋಟಿ ಪೌಂಡು. ಅಲ್ಲಿಯ ಜನರಿಗೂ ಇದರಿಂದ ಏಳಿಗೆಯಾಗುವುದೆಂದು ಹೇಳಿದರು. ಆದರೆ ಹಸಿವು ಲಂಡನ್ನಿನ ಅಡಿಗೆಮನೆಯದು, ನೆಲ ಮಾತ್ರ ಕೊಂಗ್ವಾ ಎಂಬ ಊರಿನ ಸುತ್ತಿನದು. ಆ ಸುತ್ತಿನಲ್ಲಿ ದನ ಮೇಯಿಸುತ್ತಿದ್ದ ಜನರು ಕಡಲೆಕಾಯಿಯ ಯೋಜನೆಯನ್ನು ಬೇಡಿದವರಲ್ಲ.

ಒಬ್ಬರ ಅಗತ್ಯವನ್ನು ಇನ್ನೊಬ್ಬರ ಹೆಸರಿನಲ್ಲಿ ಬರೆದಾಗ ಮೊದಲ ಮೆಟ್ಟಿಲೇ ಸಡಿಲವಾಗುತ್ತದೆ. ಆದುದರಿಂದ ತಜ್ಞನು ಊರಿಗೆ ಹೋದಾಗ ‘ನಿಮಗೆ ಕೆರೆ ಬೇಕೆ?’ ಎಂದು ಕೇಳಬಾರದು. ಯಾರು ತಾನೆ ಬೇಡವೆನ್ನುತ್ತಾರೆ? ‘ನಿಮ್ಮ ಕೆರೆ ಏತಕ್ಕೆ ತುಂಬುತ್ತಿಲ್ಲ?’ ಎಂದು ಕೇಳಬೇಕು.

೨. ಸಿದ್ಧತೆ

ಎರಡನೆಯ ಮೆಟ್ಟಿಲು ಅಧ್ಯಯನದ್ದು. ನೆಲ, ನೀರು, ಮಳೆ, ಜನರ ರೂಢಿ, ಖರ್ಚು, ಎಲ್ಲವನ್ನೂ ತಿಳಿದು, ದೊಡ್ಡದಾಗಿ ಮಾಡುವ ಮುಂಚೆ ಚಿಕ್ಕದಾಗಿ ಮಾಡಿ ನೋಡಬೇಕು. ಟಾಂಗನಿಕದಲ್ಲಿ ತಜ್ಞರ ತಂಡ ಕೆಲವೇ ವಾರಗಳ ಕಾಲ, ಹೆಚ್ಚಾಗಿ ವಿಮಾನದಲ್ಲಿ, ಸುತ್ತಿ ವರದಿ ಕೊಟ್ಟಿತು. ಪ್ರಯೋಗದ ತಾಕು ಮಾಡಿ ಒಂದೆರಡು ವರ್ಷ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಹಳೆಯ ಟ್ರಾಕ್ಟರುಗಳು ಬಂದವು. ಗಿಡಗಂಟಿಗಳ ಬೇರಿಗೆ ಸಿಕ್ಕಿ ಕೆಟ್ಟವು. ಮೊದಲ ವರ್ಷ ಒಂದೂವರೆ ಲಕ್ಷ ಎಕರೆ ಗುರಿಯಾದರೆ ಹತ್ತು ಸಾವಿರ ಎಕರೆಯಲ್ಲಿಯೂ ಬಿತ್ತನೆಯಾಗಲಿಲ್ಲ. ಮಳೆ ನಿಂತ ಮೇಲೆ ಕೊಂಗ್ವಾದ ಜೇಡಿ ಬೆರೆತ ನೆಲ ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಯಿತು. ೧೯೫೧ರ ಜನವರಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟು, ಸುಮಾರು ೩ ಕೋಟಿ ೬೦ ಲಕ್ಷ ಪೌಂಡುಗಳನ್ನು ನಷ್ಟವೆಂದು ಬರೆದುಹಾಕಿತು.

ನಮ್ಮದು ಚಳ್ಳಕೆರೆಯ ಸೀಮೆ. ನಮ್ಮ ತಂದೆ ಹುಟ್ಟಿದಂದಿನಿಂದ ಕಡಲೆಕಾಯಿ ಬೆಳೆದವರು. ಅವರಿಗೆ ಅಕ್ಷರ ಬಾರದು. ಒಂದು ರಾತ್ರಿ ಊಟವಾದ ಮೇಲೆ ಈ ಕತೆಯನ್ನು ಅವರಿಗೆ ಹೇಳಿದೆ. ಟ್ರಾಕ್ಟರುಗಳ ಮಾತನ್ನಾಗಲಿ ಪೌಂಡುಗಳ ಮಾತನ್ನಾಗಲಿ ಅವರು ಲಕ್ಷಿಸಲಿಲ್ಲ.

“ಅಲ್ಲಪ್ಪ, ಮೊದಲು ನಾಕು ಸಾಲು ಬಿತ್ತಿ ಒಂದು ಗಿಡಾನಾದ್ರೂ ಕಿತ್ತು ನೋಡಿದ್ರಾ?” ಎಂದರು.

“ಇಲ್ಲ” ಎಂದೆ.

“ಬಿತ್ತೋದು ದೊಡ್ಡದಲ್ಲ ಕಣಪ್ಪ. ಕೀಳೋ ಹೊತ್ತಿಗೆ ನೆಲ ಹೆಂಗಿರ್ತದೆ ಅನ್ನೋದು ನೋಡ್ಬೇಕು. ನೆಲ ಬಿಗಿದ್ರೆ ಬಳ್ಳಿ ಕೈಗೆ ಬರ್ತದೆ, ಕಾಯಿ ಮಣ್ಣಾಗೆ ಉಳೀತದೆ.”

ಲಕ್ಷಾಂತರ ಎಕರೆಯ ಯೋಜನೆಯನ್ನು ಬರೆದವರಿಗೆ ತಡವಾಗಿ ತಿಳಿದ ಸಂಗತಿ ನನ್ನ ತಂದೆಗೆ ಮೊದಲ ಮಾತಿನಲ್ಲಿಯೇ ಹೊಳೆಯಿತು. ಅವರು ಜಾಣರೆಂದು ಹೊಗಳಿಕೊಳ್ಳುವುದಕ್ಕೆ ಇದನ್ನು ಬರೆಯಲಿಲ್ಲ. ನಮ್ಮ ಸೀಮೆಯ ಯಾವ ರೈತನನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದನು. ಕೇಳುವವರು ಬೇಕಾಗಿತ್ತು, ಅಷ್ಟೆ.

ಸಿದ್ಧತೆಗೆ ಸಹಾಯಕವಾದ ಒಂದು ಸಾಧನವನ್ನು ಇಲ್ಲಿಯೇ ಹೇಳಬೇಕು. ಅದರ ಹೆಸರು ತಾರ್ಕಿಕ ಚೌಕಟ್ಟು. ಅಮೆರಿಕದ ನೆರವಿನ ಸಂಸ್ಥೆಯಾಗಿದ್ದ ಯು.ಎಸ್.ಎ.ಐ.ಡಿ.ಗಾಗಿ ೧೯೬೯ರಲ್ಲಿ ಇದನ್ನು ರಚಿಸಿದರು. ಒಂದು ಹಾಳೆಯಲ್ಲಿ ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲು. ಅಡ್ಡಸಾಲುಗಳಲ್ಲಿ ಕೆಳಗಿನಿಂದ ಮೇಲಕ್ಕೆ: ಮಾಡುವ ಕೆಲಸ, ಆ ಕೆಲಸದಿಂದ ಕೈಗೆ ಬರುವ ವಸ್ತು, ಅದರಿಂದ ಸಾಧಿಸುವ ಉದ್ದೇಶ, ಎಲ್ಲಕ್ಕೂ ಮೇಲಿನ ದೊಡ್ಡ ಗುರಿ. ಕಂಬಸಾಲುಗಳಲ್ಲಿ: ವಿವರಣೆ, ಆಯಿತೆಂದು ತಿಳಿಯುವ ಅಳತೆ, ಆ ಅಳತೆಗೆ ಸಾಕ್ಷಿ, ಕೊನೆಯದು, ನಾವು ಸುಮ್ಮನೆ ನಂಬಿಕೊಂಡಿರುವ ಸಂಗತಿಗಳು.

ನಾನು ನಮ್ಮೂರ ಕೆರೆಯನ್ನು ಈ ಹಾಳೆಯಲ್ಲಿ ತುಂಬಿ ನೋಡಿದೆ. ಕೆಲಸ: ಹೂಳೆತ್ತುವುದು, ಏರಿಗೆ ಕಲ್ಲು ಕಟ್ಟುವುದು. ವಸ್ತು: ಭದ್ರವಾದ ಏರಿ, ಹೊಸ ತೂಬು. ಉದ್ದೇಶ: ಕೆರೆಯಲ್ಲಿ ನೀರು ನಿಲ್ಲುವುದು. ಗುರಿ: ಅಚ್ಚುಕಟ್ಟಿನ ರೈತರ ಏಳಿಗೆ. ಮೂರು ಕಂಬಗಳನ್ನು ತುಂಬಲು ಅರ್ಧ ಗಂಟೆ ಸಾಕಾಯಿತು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಏರಿ ಭದ್ರವಾದರೆ ನೀರು ನಿಲ್ಲುವುದು ನಿಜ. ಆದರೆ ಅದಕ್ಕೆ ಮೊದಲು ನೀರು ಕೆರೆಗೆ ಬರಬೇಕು. ‘ಹಳ್ಳದ ನೀರು ಕಾಲುವೆಯಿಂದ ಕೆರೆಗೆ ಬರುತ್ತದೆ’ ಎಂಬುದು ಆ ಯೋಜನೆ ಸುಮ್ಮನೆ ನಂಬಿಕೊಂಡಿದ್ದ ಸಂಗತಿ. ನೀರು ತರುವ ಕಾಲುವೆ ಪಕ್ಕದೂರಿನ ಎಲ್ಲೆಯಲ್ಲಿದೆ. ಅಲ್ಲಿ ರಸ್ತೆ ಮಾಡುವಾಗ ಅದು ಮುಚ್ಚಿಹೋಗಿತ್ತು. ಮತ್ತೆರಡು ಕಡೆ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರು.

೩. ತೂಗಿ ನೋಡುವುದು

ಸಿದ್ಧವಾದ ಯೋಜನೆಯನ್ನು, ಅದನ್ನು ಸಿದ್ಧಪಡಿಸದ ಬೇರೆಯವರು ತೂಗಿ ನೋಡಬೇಕು. ತನ್ನ ಕೂಸನ್ನು ಯಾವ ತಾಯಿಯೂ ಕುರೂಪಿಯೆನ್ನಳು. ಇಲ್ಲಿ ಲಾಭನಷ್ಟಗಳ ಮೊತ್ತವನ್ನು ನೋಡಿದರೆ ಸಾಲದು. ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನೂ ನೋಡಬೇಕು.

ನರ್ಮದಾ ನದಿಯ ಸರ್ದಾರ್ ಸರೋವರಕ್ಕೆ ವಿಶ್ವಬ್ಯಾಂಕು ೧೯೮೫ರಲ್ಲಿ ೪೫ ಕೋಟಿ ಡಾಲರುಗಳ ನೆರವನ್ನು ಒಪ್ಪಿತು. ಮುಳುಗಡೆಯಾಗುವ ಹಳ್ಳಿಗಳ ಜನರು ಎಲ್ಲಿಗೆ ಹೋಗಬೇಕೆಂಬುದು ಆಗ ಸರಿಯಾಗಿ ತೂಗಿ ನೋಡದ ವಿಷಯವಾಗಿತ್ತು. ಜನರ ಪ್ರತಿಭಟನೆ ಬೆಳೆದು, ೧೯೯೧ರಲ್ಲಿ ಬ್ಯಾಂಕೇ ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿಯನ್ನು ನೇಮಿಸಿತು. ೧೯೯೨ರ ವರದಿಯು ಪುನರ್ವಸತಿಯ ವಿಷಯದಲ್ಲಿಯೂ ಪರಿಸರದ ವಿಷಯದಲ್ಲಿಯೂ ದೊಡ್ಡ ಲೋಪಗಳನ್ನು ತೋರಿಸಿತು. ೧೯೯೩ರ ಮಾರ್ಚಿಯಲ್ಲಿ ಭಾರತ ಸರ್ಕಾರ ಉಳಿದ ಸಾಲ ತನಗೆ ಬೇಡವೆಂದು ತಿಳಿಸಿತು. ಅಣೆಕಟ್ಟು ಮುಂದೆ ದೇಶದ ಹಣದಿಂದಲೇ ಬೆಳೆದು ೨೦೧೭ರಲ್ಲಿ ಲೋಕಾರ್ಪಣೆಯಾಯಿತು. ಆದರೆ ಆ ವಿವಾದದ ಫಲವಾಗಿ, ಬ್ಯಾಂಕಿನ ಯೋಜನೆಯಿಂದ ತೊಂದರೆಗೊಳಗಾದವರು ನೇರವಾಗಿ ದೂರು ಕೊಡಬಹುದಾದ ತಪಾಸಣಾ ಮಂಡಲಿಯೊಂದು ೧೯೯೩ರಲ್ಲಿಯೇ ಸ್ಥಾಪಿತವಾಯಿತು. ಆರಂಭದಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೊನೆಯಲ್ಲಿ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಆಗ ಅದರ ಬೆಲೆ ಹೆಚ್ಚು.

೪. ಕರಾರು

ನಾಲ್ಕನೆಯ ಮೆಟ್ಟಿಲಲ್ಲಿ ಹಣ ಕೊಡುವವರೂ ಪಡೆಯುವವರೂ ಕರಾರು ಮಾಡಿಕೊಳ್ಳುತ್ತಾರೆ. ದೊಡ್ಡ ಕರಾರು ರಾಜಧಾನಿಯಲ್ಲಿ ಆಗುತ್ತದೆ. ಚಿಕ್ಕ ಕರಾರುಗಳು ಊರೂರಿನಲ್ಲಿ ಆಗುತ್ತವೆ. ೨೦೦೫ರ ಪ್ಯಾರಿಸ್ ಘೋಷಣೆಯಲ್ಲಿ ನೆರವು ಕೊಡುವ ದೇಶಗಳೂ ಪಡೆಯುವ ದೇಶಗಳೂ ಸೇರಿ, ಅಭಿವೃದ್ಧಿಯ ಒಡೆತನ ಪಡೆಯುವವರದಾಗಿರಬೇಕೆಂಬುದನ್ನು ಮೊದಲನೆಯ ತತ್ತ್ವವಾಗಿ ಒಪ್ಪಿದವು. ಒಡೆತನವೆಂಬ ಮಾತಿನ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ನಮ್ಮೂರಿನಲ್ಲಿ ಕೆರೆಯ ಸಮಿತಿಯೊಂದಾಗಿತ್ತು. ನಮ್ಮ ತಂದೆ ಅದರಲ್ಲಿ ಸದಸ್ಯರು. ಕಳೆದ ದಸರಾ ರಜೆಯಲ್ಲಿ ಸಮಿತಿಯ ನಡಾವಳಿಯ ಪುಸ್ತಕವನ್ನು ಕೇಳಿ ತಂದು, ಮನೆಯ ಜಗಲಿಯ ಮೇಲೆ ಕುಳಿತು ತಂದೆಗೆ ಓದಿ ಹೇಳುತ್ತಿದ್ದೆ. ಒಂದು ಪುಟದಲ್ಲಿ ಹೀಗಿತ್ತು: ‘ಕೆರೆಗೆ ನೀರು ತರುವ ಕಾಲುವೆ ಸುಸ್ಥಿತಿಯಲ್ಲಿದೆಯೆಂದು ಸದಸ್ಯರೆಲ್ಲರೂ ದೃಢಪಡಿಸಿದರು.’ ಅದರ ಕೆಳಗೆ ಮೂರನೆಯದು ನಮ್ಮ ತಂದೆಯ ಹೆಬ್ಬೆಟ್ಟಿನ ಗುರುತು.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಅನಂತರ “ಅವತ್ತು ನೀರುಗಂಟಿ ತಾತ ಎದ್ದು ನಿಂತು ಕಾಲುವೆ ಮುಚ್ಚೈತೆ ಅಂತ ಹೇಳಿದ್ದ. ನಾವೆಲ್ಲ ಹೌದು ಅಂದ್ವಿ. ಅದನ್ನೇ ಬರ್ಕೊಂಡ್ರು ಅಂದ್ಕೊಂಡು ಒತ್ತಿದೆ” ಎಂದರು. ಬರೆದುಕೊಂಡವರು ದುರುದ್ದೇಶದಿಂದ ಹಾಗೆ ಬರೆದರೋ, ಅಚ್ಚಾದ ನಮೂನೆಯಲ್ಲಿದ್ದುದನ್ನೇ ನಕಲು ಮಾಡಿದರೋ ನಾನು ಹೇಳಲಾರೆ. ಬರೆದುದನ್ನು ಯಾರೂ ಓದಿ ಹೇಳಲಿಲ್ಲವೆಂಬುದು ಮಾತ್ರ ಸತ್ಯ. ಓದಿ ಹೇಳದ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟು ಕರಾರಾಗುವುದು ಹೇಗೆ?

೫. ನಡೆಸುವುದು, ನೋಡಿಕೊಳ್ಳುವುದು

ಐದನೆಯ ಮೆಟ್ಟಿಲು ಎಲ್ಲಕ್ಕಿಂತ ದೀರ್ಘವಾದುದು. ಇಲ್ಲಿ ನಾನು ಒಂದು ಸಫಲವಾದ ಯೋಜನೆಯನ್ನು ಹೇಳುತ್ತೇನೆ. ಪಶ್ಚಿಮ ಆಫ್ರಿಕದಲ್ಲಿ ನದಿಕುರುಡು ಎಂಬ ರೋಗವಿತ್ತು. ರಭಸವಾಗಿ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಕರಿನೊಣ ಕಚ್ಚಿದಾಗ ಮನುಷ್ಯನ ಮೈಯೊಳಗೆ ಒಂದು ಬಗೆಯ ಹುಳು ಸೇರುತ್ತದೆ. ಅದರ ಮರಿಗಳು ಕಣ್ಣನ್ನು ಕೆಡಿಸುತ್ತವೆ. ಜನರು ನದೀತೀರದ ಫಲವತ್ತಾದ ಭೂಮಿಯನ್ನೇ ಬಿಟ್ಟು ಓಡಿಹೋಗಿದ್ದರು. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಬ್ಯಾಂಕು ಮೊದಲಾದವು ಸೇರಿ ೧೯೭೪ರಲ್ಲಿ ಏಳು ದೇಶಗಳಲ್ಲಿ ಕೆಲಸವನ್ನಾರಂಭಿಸಿದವು. ಹೆಲಿಕಾಪ್ಟರುಗಳಿಂದ ವಾರಕ್ಕೊಮ್ಮೆ ನದಿಗಳಿಗೆ ನೊಣದ ಮರಿಗಳನ್ನು ಕೊಲ್ಲುವ ಔಷಧ ಹಾಕುವುದೇ ಮುಖ್ಯ ಕೆಲಸ.

ಈ ಯೋಜನೆಯಲ್ಲಿ ಮೂರು ಗುಣಗಳನ್ನು ಕಾಣುತ್ತೇನೆ. ಮೊದಲನೆಯದು, ಕಾಲದ ಲೆಕ್ಕ. ಮೈಯೊಳಗಿನ ಹುಳು ಹತ್ತು ಹದಿನೈದು ವರ್ಷ ಬದುಕುವುದರಿಂದ, ಮೂರು ನಾಲ್ಕು ವರ್ಷದಲ್ಲಿ ಮುಗಿಸುತ್ತೇವೆಂದು ಅವರು ಹೇಳಲಿಲ್ಲ. ಆರಂಭದಲ್ಲಿಯೇ ಸುಮಾರು ಇಪ್ಪತ್ತು ವರ್ಷ ಬೇಕೆಂದರು. ಎರಡನೆಯದು, ಎಡೆಬಿಡದ ಎಚ್ಚರ. ನೊಣಗಳನ್ನು ಹಿಡಿದು ಎಣಿಸುತ್ತಲೇ ಇದ್ದರು. ಔಷಧಕ್ಕೆ ಮರಿಗಳು ಜಗ್ಗದಾದಾಗ ಅದು ಕೂಡಲೆ ತಿಳಿಯಿತು. ಔಷಧಗಳನ್ನು ಸರದಿಯ ಮೇಲೆ ಬದಲಾಯಿಸಿದರು. ಮೂರನೆಯದು, ಗೆರೆಯನ್ನು ತಿದ್ದುವ ಧೈರ್ಯ. ಗಡಿಯ ಹೊರಗಿನಿಂದ ನೊಣಗಳು ಗಾಳಿಯೊಡನೆ ನೂರಾರು ಮೈಲಿ ಹಾರಿಬರುತ್ತವೆಂದು ತಿಳಿದಾಗ, ಯೋಜನೆಯ ಗಡಿಯನ್ನೇ ವಿಸ್ತರಿಸಿ ಹನ್ನೊಂದು ದೇಶಗಳನ್ನು ಸೇರಿಸಿಕೊಂಡರು. ಅವರು ಬೇರೆ ಬೇರೆ ದೇಶಗಳ ಗಡಿ ದಾಟಿದರು. ನಮ್ಮೂರ ಯೋಜನೆ ಪಕ್ಕದೂರಿನ ಎಲ್ಲೆಯನ್ನು ದಾಟಲಿಲ್ಲ.

ನಮ್ಮ ರಾಜ್ಯದಲ್ಲಿಯೂ ಒಂದು ಒಳ್ಳೆಯ ನಿದರ್ಶನವಿದೆ. ೨೦೦೧ರಿಂದ ೨೦೦೯ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಚಿತ್ರದುರ್ಗ, ತುಮಕೂರು, ಕೋಲಾರ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ, ಕೆಲಸ ಮಾಡುವವರೇ ತಮ್ಮ ಕೆಲಸದ ತೀರ್ಪುಗಾರರಾಗಲಿಲ್ಲ. ಇಸ್ರೋದ ಅಂಗವಾದ ಆಂಟ್ರಿಕ್ಸ್ ಸಂಸ್ಥೆ ಉಪಗ್ರಹದ ಚಿತ್ರಗಳ ಸಹಾಯದಿಂದಲೂ, ಹಳ್ಳಿಗಳ ಸಮೀಕ್ಷೆಯಿಂದಲೂ ಮೊದಲಿನ ಸ್ಥಿತಿಯನ್ನು ದಾಖಲಿಸಿ ಅನಂತರದ ಬದಲಾವಣೆಯನ್ನು ಅಳೆಯಿತು. ಮೊದಲಿನ ಅಳತೆಯಿಲ್ಲದೆ ಕೊನೆಯ ಅಳತೆಗೆ ಅರ್ಥವಿಲ್ಲ.

೬. ಒಪ್ಪಿಸಿಕೊಡುವುದು

ಹೊರಗಿನಿಂದ ಬಂದವರು ಒಂದು ದಿನ ಹೋಗಲೇಬೇಕು. ೨೦೨೫ರಲ್ಲಿ ಮೇಲೆ ಹೇಳಿದ ಅಮೆರಿಕದ ನೆರವಿನ ಸಂಸ್ಥೆಯನ್ನೇ ಮುಚ್ಚಿದರು. ಎಷ್ಟೋ ದೇಶಗಳಲ್ಲಿ ಅದರ ಕೆಲಸಗಳು ನಡುದಾರಿಯಲ್ಲಿ ನಿಂತವು. ಆದುದರಿಂದ ಒಪ್ಪಿಸಿಕೊಡುವ ಸಿದ್ಧತೆ ಕೊನೆಯ ತಿಂಗಳಿನದಲ್ಲ, ಮೊದಲ ತಿಂಗಳಿನದು.

ನದಿಕುರುಡಿನ ಹುಳುವಿನ ಮರಿಗಳನ್ನು ಕೊಲ್ಲುವ ಐವರ್ಮೆಕ್ಟಿನ್ ಎಂಬ ಮಾತ್ರೆಯನ್ನು ಮರ್ಕ್ ಕಂಪೆನಿ ೧೯೮೭ರಲ್ಲಿ ಉಚಿತವಾಗಿ ಕೊಡಲು ಒಪ್ಪಿತು. ಮುಂದೆ ೧೯೯೫ರಲ್ಲಿ ಆಫ್ರಿಕದ ಇತರ ದೇಶಗಳಿಗಾಗಿ ಆರಂಭವಾದ ಯೋಜನೆಯಲ್ಲಿ, ಮಾತ್ರೆ ಹಂಚುವವರನ್ನು ಹಳ್ಳಿಯವರೇ ಆರಿಸುವ ಕ್ರಮ ಬಂದಿತು. ಯಾವಾಗ ಹಂಚಬೇಕು, ಮನೆಮನೆಗೆ ಹೋಗಬೇಕೋ ಒಂದು ಕಡೆ ಕರೆಯಬೇಕೋ ಎಂಬುದೂ ಹಳ್ಳಿಯ ತೀರ್ಮಾನ. ಎಷ್ಟು ಮಾತ್ರೆಯೆಂದು ತಿಳಿಯಲು ತಕ್ಕಡಿಯೂ ಬೇಡ, ಪಟ್ಟಿಯೂ ಬೇಡ. ಗುರುತು ಹಾಕಿದ ಒಂದು ಕೋಲಿನ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ, ಅವನ ಎತ್ತರವೇ ಮಾತ್ರೆಗಳ ಲೆಕ್ಕ ಹೇಳುತ್ತದೆ.

ಈ ಕೋಲಿನ ವಿಷಯವನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಅಲ್ಲಿ ಅಕ್ಷರ ಬಾರದವನೂ ಯೋಜನೆಯನ್ನು ನಡೆಸಬಲ್ಲನೆಂದು ನಂಬಿ, ಅವನ ಕೈಗೆ ತಕ್ಕ ಸಾಧನವನ್ನು ಮಾಡಿದರು. ನಮ್ಮೂರಲ್ಲಿ ಅಕ್ಷರ ಬಾರದವನಿಂದ ಹೆಬ್ಬೆಟ್ಟನ್ನು ಮಾತ್ರ ಪಡೆದರು.

೭. ಫಲವನ್ನು ಅಳೆಯುವುದು

ಕೊನೆಯ ಮೆಟ್ಟಿಲು ಮೌಲ್ಯಮಾಪನ. ಹಣ ಎಷ್ಟು ಖರ್ಚಾಯಿತು, ಎಷ್ಟು ಉದ್ದದ ಏರಿ ಕಟ್ಟಿದರು ಎಂಬುದು ಕೆಲಸದ ಲೆಕ್ಕ. ಯಾರ ಬಾಳು ಎಷ್ಟು ಬದಲಾಯಿತೆಂಬುದು ಫಲದ ಲೆಕ್ಕ. ಪಶ್ಚಿಮ ಆಫ್ರಿಕದ ಯೋಜನೆ ೨೦೦೨ರಲ್ಲಿ ಮುಗಿದಾಗ, ಸುಮಾರು ೬ ಲಕ್ಷ ಜನರು ಕುರುಡಾಗುವುದು ತಪ್ಪಿತೆಂದೂ, ೨½ ಕೋಟಿ ಹೆಕ್ಟೇರು ಭೂಮಿ ಮತ್ತೆ ವಾಸಕ್ಕೂ ಬೇಸಾಯಕ್ಕೂ ಯೋಗ್ಯವಾಯಿತೆಂದೂ ಅಂದಾಜು ಮಾಡಿದರು. ನಮ್ಮೂರ ಕೆರೆಯ ಲೆಕ್ಕ ಏರಿಯ ಅಳತೆಯಲ್ಲಿಯೇ ಮುಗಿಯಿತು. ಕಲ್ಲು ನೆಟ್ಟ ಮೇಲೆ, ಒಂದು ಮಳೆಗಾಲ ಕಳೆದು ಯಾರಾದರೂ ಬಂದು ನೋಡಿದ್ದರೆ ಮುಚ್ಚಿದ ಕಾಲುವೆ ಕಣ್ಣಿಗೆ ಬೀಳುತ್ತಿತ್ತು. ತಪ್ಪನ್ನು ಕಂಡು ಮುಂದಿನ ಯೋಜನೆಯ ಮೊದಲ ಮೆಟ್ಟಿಲಿಗೆ ಅದನ್ನು ತಿಳಿಸುವುದೇ ಕೊನೆಯ ಮೆಟ್ಟಿಲಿನ ಉಪಯೋಗ. ಬಾಮ್ ಅವರು ಇದನ್ನು ಚಕ್ರವೆಂದು ಕರೆದದ್ದು ಇದಕ್ಕಾಗಿಯೇ.

ಇಷ್ಟನ್ನು ಓದಿದ ಮೇಲೆ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಈ ಬೇಸಿಗೆಯಲ್ಲಿ ನಾನೂ ಊರಿನ ಇಬ್ಬರು ಗೆಳೆಯರೂ, ಎಂಬತ್ತು ದಾಟಿದ ನೀರುಗಂಟಿ ತಾತನನ್ನು ಮುಂದಿಟ್ಟುಕೊಂಡು, ಹಳ್ಳದಿಂದ ಕೆರೆಯವರೆಗೆ ಕಾಲುವೆಯ ಜಾಡು ಹಿಡಿದು ನಡೆದೆವು. ಟೇಪು ಹಿಡಿದು ಅಳೆದು ಮೂರು ಕಡೆ ಮುಚ್ಚಿರುವುದನ್ನು ಬರೆದುಕೊಂಡೆವು. ಪಕ್ಕದೂರಿನವರನ್ನು ಬೈಯದೆ, ಅವರ ಹಿರಿಯರನ್ನೂ ಕೂರಿಸಿಕೊಂಡು ಮಾತನಾಡಿದೆವು. ರಸ್ತೆಯ ಕೆಳಗೆ ಮೋರಿ ಹಾಕಿದರೆ ತಮ್ಮ ಹೊಲಗಳಲ್ಲಿ ಮಳೆಯ ನೀರು ನಿಂತು ಬೆಳೆ ಕೊಳೆಯುವುದೂ ತಪ್ಪುತ್ತದೆಂದು ಅವರೇ ಹೇಳಿದರು. ಅವರ ಅಗತ್ಯವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎರಡು ಊರುಗಳೂ ಸೇರಿ ಪಂಚಾಯಿತಿಗೆ ಅರ್ಜಿ ಬರೆದೆವು. ಮೋರಿ ಇನ್ನೂ ಆಗಿಲ್ಲ. ಉತ್ತು ಸೇರಿಸಿಕೊಂಡ ಎರಡು ಜಾಗಗಳ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಆಗಿಯೇ ಆಗುತ್ತದೆಂದು ಬರೆಯಲಾರೆ.

ಅರ್ಜಿಯನ್ನು ಎಲ್ಲರ ಎದುರಿಗೆ ನಾನೇ ಓದಿದೆ. ರುಜುವಿನ ಸರದಿ ಬಂದಾಗ ನಮ್ಮ ತಂದೆ ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, “ಇನ್ನೊಂದು ಸಲ ಓದಪ್ಪ, ನಿಧಾನವಾಗಿ” ಎಂದರು. ಓದಿದೆ. ಕಾಲುವೆಯ ಮಾತು ಬಂದಲ್ಲಿ ನಿಲ್ಲಿಸಿ, ನೀರುಗಂಟಿ ತಾತನ ಕಡೆಗೆ ತಿರುಗಿ “ಸರಿ ಐತಾ?” ಎಂದು ಕೇಳಿದರು. ತಾತ ತಲೆಯಾಡಿಸಿದ ಮೇಲೆ ಹೆಬ್ಬೆಟ್ಟು ಒತ್ತಿದರು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಾಳೆ ಗುಮಾಸ್ತರೋ, ಗ್ರಾಮದ ಆಡಳಿತಾಧಿಕಾರಿಗಳೋ, ಇಂಥ ಯೋಜನೆಗಳ ನೌಕರರೋ ಆಗಿ ನಾವೇ ನಡಾವಳಿಯ ಪುಸ್ತಕವನ್ನು ಹಿಡಿದು ಯಾವುದೋ ಊರಿಗೆ ಹೋಗುತ್ತೇವೆ. ಆಗ ನಮ್ಮ ಎದುರಿಗೆ ನಮ್ಮ ತಂದೆತಾಯಿಗಳಂಥವರೇ ಕುಳಿತಿರುತ್ತಾರೆ. ಅವರು ಹೇಳಿದುದನ್ನೇ ಬರೆಯೋಣ. ಬರೆದುದನ್ನು ಓದಿ ಹೇಳೋಣ. ಅನಂತರ ಮಸಿಯ ಡಬ್ಬಿಯನ್ನು ತೆರೆಯೋಣ.